ನಾನು ಏಕವಚನಕ್ಕೆ ಇಳಿದದ್ದು

ಪಕ್ಕದ ಸೆಕ್ಷನ್ನಿನ ಮೇಡಂ ನನ್ನ ಮೇಜಿನ ಹತ್ತಿರ ಬಂದು ನಿಂತಾಗ ನಾನು ಮೊದಲು ಯೋಚಿಸಿದ್ದು, ಯಾವ ಸುತ್ತೋಲೆಯಲ್ಲಿ ಏನು ತಪ್ಪಾಗಿದೆ ಎಂದು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಹಿಂದಿ, ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ಅನುವಾದಕನ ಹತ್ತಿರ ಯಾರೂ ಹೊಗಳಲಿಕ್ಕೆ ಬರುವುದಿಲ್ಲ. ಆದರೆ ಮೇಡಂ ಕೈಯಲ್ಲಿ ಫೈಲಿರಲಿಲ್ಲ.

"ಸರ್, ಒಂದು ಪರ್ಸನಲ್ ಕೆಲಸ ಇತ್ತು," ಎಂದು ಹಿಂದಿಯಲ್ಲಿ ಶುರು ಮಾಡಿದರು.

ಅವರ ತಾಯಿಗೆ ಎಂಬತ್ತೊಂದು ವರ್ಷ. ಗದಗದ ಕಡೆಯವರು. ಮದುವೆಯಾಗಿ ದೆಹಲಿಗೆ ಬಂದು ದೊಡ್ಡಾಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದರು. ಹಿಂದಿ, ಇಂಗ್ಲಿಷ್ ಎರಡನ್ನೂ ಸಲೀಸಾಗಿ ಆಡುತ್ತಿದ್ದರು. ಆರು ತಿಂಗಳ ಹಿಂದೆ ಹೊಡೆದ ಲಕ್ವ ಬಲಗೈಯ ಜೊತೆಗೆ ಆ ಎರಡು ಭಾಷೆಗಳನ್ನೂ ಎತ್ತಿಕೊಂಡು ಹೋಗಿತ್ತು. ಉಳಿದದ್ದು ಕನ್ನಡ. ಮಗಳು ದೆಹಲಿಯಲ್ಲಿ ಹುಟ್ಟಿ ಬೆಳೆದವರು. ಅವರ ಕನ್ನಡ ಅಡುಗೆಮನೆಯ ಹೊಸ್ತಿಲು ದಾಟಿದ್ದಲ್ಲ.

ಅವರದು ಲುಥೆರನ್ ಪಂಥದ ಕ್ರೈಸ್ತ ಕುಟುಂಬ. ಅವರ ಸಭೆಯ ಪಾದ್ರಿಗಳು ಜಾರ್ಖಂಡದವರು. ಪ್ರತಿ ಭಾನುವಾರ ಮಧ್ಯಾಹ್ನ ಮನೆಗೆ ಬಂದು ಹಾಸಿಗೆಯ ಪಕ್ಕ ಪ್ರಾರ್ಥನೆ ಮಾಡಿ, ಪ್ರಭುಭೋಜನ ಎಂದು ಅವರು ಕರೆಯುವ ರೊಟ್ಟಿ-ದ್ರಾಕ್ಷಾರಸವನ್ನು ಕೊಡಲು ಮುಂದಾಗುತ್ತಾರೆ. ಮೂರು ತಿಂಗಳಿಂದ ತಾಯಿ ಬಾಯಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದಾರೆ. ಯಾಕೆಂದು ಪಾದ್ರಿಗಳಿಗೆ ಕೇಳಲು ಬರದು, ಮಗಳಿಗೆ ಹೇಗೆ ಕೇಳಬೇಕೆಂದು ತಿಳಿಯದು. ಹೃದಯ ಸೋತಿದೆ, ದಿನ ಹೆಚ್ಚಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

"ಮಮ್ಮಿ ಹೀಗೇ ಹೋಗಿಬಿಟ್ಟರೆ ನಾನು ಹೇಗೆ ಬದುಕಲಿ ಸರ್? ಜೀವಮಾನವೆಲ್ಲ ಚರ್ಚಿಗೆ ಹೋದವಳು, ಏನೋ ಹೆದರಿಕೆಯಲ್ಲಿ ಹೋಗ್ತಾಳೆ."

ನಾನು ಲಿಖಿತ ಅನುವಾದಕ. ಒಂದು ವಾಕ್ಯಕ್ಕೆ ಮೂರು ಸಲ ನಿಘಂಟು ನೋಡಿ, ನಾಲ್ಕನೇ ಸಲ ಮೊದಲಿನದನ್ನೇ ಬರೆಯುವವನು. ಬಾಯಿಂದ ಬಾಯಿಗೆ ಅನುವಾದ ಮಾಡಿದವನಲ್ಲ. ಮೇಲಾಗಿ ಶನಿವಾರ ಆಂಜನೇಯನಿಗೆ ಕೈಮುಗಿಯುವವನು. ಇನ್ನೊಬ್ಬರ ಧರ್ಮದ ಮಾತನ್ನು ನನ್ನ ಬಾಯಲ್ಲಿ ಕೆಡಿಸಿದರೆ? ಇದನ್ನೆಲ್ಲ ಮೇಡಂಗೆ ಹೇಳಬೇಕೆಂದುಕೊಂಡು, "ಆಯಿತು, ಬರ್ತೀನಿ" ಎಂದೆ. ಮನೆಯಲ್ಲಿ ಹೆಂಡತಿ, "ದೇವರ ಮಾತು ತರ್ಜುಮೆ ಮಾಡೋಕೆ ಹೊರಟಿದ್ದೀರಿ, ಗ್ಯಾಸ್ ಆಫ್ ಆಗಿದೆಯಾ ಅಂತ ದಾರಿಯಿಂದ ಫೋನ್ ಮಾಡಬೇಡಿ," ಎಂದಳು. ಯಮುನಾ ಬ್ಯಾಂಕ್ ನಿಲ್ದಾಣದಲ್ಲಿ ಮೆಟ್ರೋ ಬದಲಿಸುವಾಗ ಮಾಡಿದೆ.

ಮೇಡಂ ಮನೆಯಿರುವ ಇಂದಿರಾಪುರಂನ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ಗಾರ್ಡ್ ಭಯ್ಯಾ ಬಂದ ಕಾರಣ ಕೇಳಿದ. ಅವನ ಫೋನಿನಲ್ಲಿ ಇದ್ದ ಆಯ್ಕೆ ಮೂರೇ: ಗೆಸ್ಟ್, ಡೆಲಿವರಿ, ಸರ್ವಿಸ್. ಅತಿಥಿಯಲ್ಲದ್ದರಿಂದ ಸರ್ವಿಸ್ ಎಂದೆ. "ಏಸಿ ಯಾ ಪ್ಲಂಬರ್?" ಎಂದ. ಅಷ್ಟರಲ್ಲಿ ಪಾದ್ರಿಗಳು ಸ್ಕೂಟರಿನಲ್ಲಿ ಬಂದು ನನ್ನನ್ನು ಬಿಡಿಸಿಕೊಂಡರು. ಮೂವತ್ತೈದರ ಆಸುಪಾಸಿನ ಸಣ್ಣ ಆಳು.

ಲಿಫ್ಟಿನ ಮುಂದೆಯೇ ಕೇಳಿದೆ, "ನೀವು ಹೇಳುವುದನ್ನು ಮೊದಲೇ ಬರೆದು ಕೊಡಲು ಆಗುತ್ತದೆಯೇ?"

"ಬರೆದದ್ದೇನಿಲ್ಲ ಸರ್. ಹೇಳಬೇಕಾದದ್ದು ಒಂದೇ. ದೇವರ ಹತ್ತಿರ ಹೋಗಲಿಕ್ಕೆ ನಾವು ಹತ್ತುವ ಏಣಿ ಯಾವುದೂ ಇಲ್ಲ. ಅವನೇ ಇಳಿದು ಬಂದಿದ್ದಾನೆ. ಅದಕ್ಕೆ ಅನುಗ್ರಹ ಅಂತೀವಿ."

ನನಗೆ ಕಸಿವಿಸಿಯಾಯಿತು. "ಪಿಂಚಣಿಗೆ ಇದ್ದಂತೆ ಅರ್ಹತಾ ಸೇವೆ ಅಂತ ಏನೂ ಇಲ್ವೇ?"

"ಇಲ್ಲ."

"ಪ್ರೊಬೇಷನ್?"

"ಅದೂ ಇಲ್ಲ."

"ಹಾಗಾದರೆ ಜನ ಒಳ್ಳೆಯ ಕೆಲಸ ಯಾಕೆ ಮಾಡಬೇಕು?"

"ದೇವರಿಗೆ ನಮ್ಮ ಕೆಲಸದಿಂದ ಏನೂ ಆಗಬೇಕಾಗಿಲ್ಲ ಸರ್. ಪಕ್ಕದ ಮನೆಯವರಿಗೆ ಆಗಬೇಕಾಗಿದೆ," ಎಂದು ಪಾದ್ರಿಗಳು ಏಳನೇ ಮಹಡಿಯ ಗುಂಡಿ ಒತ್ತಿದರು. ಮೂವತ್ತು ವರ್ಷ ಸರ್ಕಾರದಲ್ಲಿ ದುಡಿದವನಿಗೆ ಇದು ಸುಲಭಕ್ಕೆ ಜೀರ್ಣವಾಗುವ ಮಾತಲ್ಲ.

ಬಾಗಿಲು ತೆರೆದ ಮೇಡಂ ನನ್ನ ಗೌರವಕ್ಕೆಂದು ಕನ್ನಡ ಪ್ರಯೋಗಿಸಿದರು. "ನೀ ಬಾ. ಒಳಗ ಬಾ. ಕೂಡು."

ಒಂದು ಕ್ಷಣ ಬೆಚ್ಚಿದೆ. ಆಫೀಸಿನಲ್ಲಿ ಹಿಂದಿಯ ಗೌರವದ 'ಆಪ್' ಬಿಟ್ಟು ಮಾತಾಡದವರು! ಆಮೇಲೆ ಹೊಳೆಯಿತು, ಅವರು ಜೀವನದಲ್ಲಿ ಕನ್ನಡ ಆಡಿದ್ದು ತಾಯಿಯೊಬ್ಬರ ಜೊತೆ ಮಾತ್ರ. ಬಹುವಚನ ಕಲಿಯುವ ಪ್ರಸಂಗವೇ ಬಂದಿರಲಿಲ್ಲ.

ಮೊದಲ ಭಾನುವಾರ ಕೆಲಸದ ಏರ್ಪಾಟಿನಲ್ಲೇ ಕಳೆಯಿತು. ಅಮ್ಮನವರಿಗೆ ಎಡಗಿವಿ ಚುರುಕು. ನಾನು ಆ ಕಡೆ ಮೋಡಾ ಎನ್ನುವ ಬೆತ್ತದ ಪೀಠ ಹಾಕಿಕೊಂಡು, ನನ್ನ ಮುಖ ಅವರಿಗೆ ಕಾಣುವಂತೆ ಕೂತೆ. ಪಾದ್ರಿಗಳು ಒಂದೊಂದೇ ವಾಕ್ಯ ಹೇಳಿ ನಿಲ್ಲಬೇಕು. ಹೇಳಿದ್ದಕ್ಕೆ ನಾನು ಏನನ್ನೂ ಸೇರಿಸಬಾರದು, ಬಿಡಬಾರದು. 'ಅವರು ಹೀಗಂತಾರೆ' ಎನ್ನದೆ, 'ನಾನು' ಎಂದು ಹೇಳಿದವರ ಬಾಯಾಗಿಯೇ ಆಡಬೇಕು. ಈ ನಿಯಮಗಳನ್ನು ಎಲ್ಲೋ ಓದಿ ಚೀಟಿಯಲ್ಲಿ ಬರೆದು ತಂದಿದ್ದೆ.

ಅಮ್ಮನವರು ನನ್ನನ್ನು ನೋಡಿ, "ನೀವು ಯಾವ ಕಡೆಯವರ್ರೀ?" ಎಂದರು.

"ತುಮಕೂರಮ್ಮ."

"ಹಂಗಾದ್ರ ನಿಮ್ಮ ಕನ್ನಡ ನನಗ ಸ್ವಲ್ಪ ಸ್ವಲ್ಪ ತಿಳೀತೈತಿ," ಎಂದರು. ಮುಖದ ಒಂದು ಪಕ್ಕ ಮಾತ್ರ ನಕ್ಕಿತು. ಆದರೆ ಪಾದ್ರಿಗಳು ರೊಟ್ಟಿಯ ಪುಟ್ಟ ಡಬ್ಬಿ ತೆಗೆದ ಕೂಡಲೇ ಆ ನಗು ಒಳಗೆ ಹೋಯಿತು. "ಬ್ಯಾಡ್ರಿ. ನಾ ಅದಕ್ಕ ಲಾಯಕ್ ಇಲ್ಲ." ಯಾಕೆ ಎಂದು ಕೇಳಿದೆವು. ಹೊದಿಕೆಯನ್ನು ಎಡಗೈಯಿಂದ ಗದ್ದದವರೆಗೆ ಎಳೆದುಕೊಂಡರು.

ಎರಡನೇ ಭಾನುವಾರ ನಾನು ಅನಾಹುತ ಮಾಡಿದೆ. ಪಾದ್ರಿಗಳು ಮನುಷ್ಯನ ಲೌಕಿಕ ಬದುಕಿನ ಬಗ್ಗೆ ಹೇಳುತ್ತಿದ್ದರು. ದೇವರ ಸೇವೆಗೆ ಸನ್ಯಾಸಿಯಾಗಬೇಕಿಲ್ಲ, ಅವನು ನಮ್ಮನ್ನು ಇಟ್ಟಿರುವುದು 'ಇಸೀ ಸಂಸಾರ್ ಮೇಂ' ಎಂದರು. ನಾನು ಹಿಂದೆ ಮುಂದೆ ನೋಡದೆ, "ದೇವರ ಸೇವೆಯ ಜಾಗ ಇದೇ ಸಂಸಾರ," ಎಂದುಬಿಟ್ಟೆ.

ಅಮ್ಮನವರು ನನ್ನನ್ನೇ ನೋಡಿದರು. "ಸಂಸಾರ ಎಲ್ಲಿ ಮಾಡೇನ್ರಿ ನಾ? ಡ್ಯೂಟಿ ಮಾಡೇನಿ. ಈ ಹುಡುಗೀನ ಬೆಳಸಿದಾಕಿ ಪಕ್ಕದ ಮನಿ ಪಂಜಾಬಿ ಹೆಣ್ಮಗಳು. ಗಂಡಗ ಬಿಸಿ ರೊಟ್ಟಿ ಮಾಡಿ ಹಾಕಿದ್ದು ವಾರಕ್ಕೊಮ್ಮೆ. ದೇವರು ಕೊಟ್ಟ ಜಾಗಾನ ನಾ ಬಿಟ್ಟು ಹೋಗೇನಿ ಅಂದಂಗಾತಲ್ಲ!" ಗೋಡೆಯ ಕಡೆ ತಿರುಗಿದವರು ಮತ್ತೆ ಈ ಕಡೆ ನೋಡಲಿಲ್ಲ.

ಏನು ತಪ್ಪಾಯಿತೆಂದು ನನಗೆ ಗೊತ್ತಾದದ್ದು ವಾಪಸು ಬರುವಾಗ, ಪ್ಲಾಟ್‌ಫಾರ್ಮಿನ ಮೇಲೆ. ಹಿಂದಿಯ ಸಂಸಾರ ಎಂದರೆ ಇಡೀ ಜಗತ್ತು. ನಮ್ಮ ಮನೆಮಾತಿನಲ್ಲಿ ಅದು ಗಂಡ, ಹೆಂಡತಿ, ಮಕ್ಕಳು, ಒಲೆ. ಇಂಥ ಒಂದೇ ಮುಖದ, ಬೇರೆ ಬುದ್ಧಿಯ ಪದಗಳ ಪಟ್ಟಿಯನ್ನು ನಮ್ಮ ಕಚೇರಿಗೆ ಮಾಡಿಕೊಟ್ಟವನೇ ನಾನು. ಅವಕಾಶ ಅಲ್ಲಿ ರಜೆ, ಇಲ್ಲಿ ಸಂದರ್ಭ. ಉಚಿತ ಅಲ್ಲಿ ಯೋಗ್ಯ, ಇಲ್ಲಿ ಪುಕ್ಕಟೆ. ಪಟ್ಟಿ ಬರೆದವನೇ ಅಂಥದೇ ಪದದ ಮೇಲೆ ಜಾರಿ ಬಿದ್ದಿದ್ದೆ. ಎರಡು ರೈಲು ಬಿಟ್ಟು ಪಾದ್ರಿಗಳಿಗೆ ಫೋನ್ ಮಾಡಿ ಒಪ್ಪಿಕೊಂಡೆ. ಇನ್ನೊಬ್ಬರನ್ನು ನೋಡಿಕೊಳ್ಳಿ ಎಂದೂ ಸೇರಿಸಿದೆ.

ಅವರು ಬೈಯಲಿಲ್ಲ. "ನಿಮ್ಮ ಕನ್ನಡದ ಸಂಸಾರವೂ ನಮ್ಮ ಹಿಂದಿಯ ಸಂಸಾರದ ಒಳಗೇ ಇದೆಯಲ್ಲ ಸರ್, ತೀರಾ ಸುಳ್ಳೇನಲ್ಲ. ಆದರೆ ಅವರ ಜಾಗ ವಾರ್ಡು. ನಾನು ಅದನ್ನೇ ಬಿಡಿಸಿ ಹೇಳಬೇಕಿತ್ತು. ಬನ್ನಿ, ಇಬ್ಬರೂ ಸೇರಿ ಸರಿ ಮಾಡೋಣ."

ಮೂರನೇ ಭಾನುವಾರ ಮೊದಲು ನಾನು ಕ್ಷಮೆ ಕೇಳಿದೆ. ಅಮ್ಮನವರು ಕೇಳಿಸಿಕೊಂಡು, "ನನಗ ಹಿಂದಿ ಮರ್ತಿದ್ದು ಲಕ್ವ ಹೊಡದು. ನಿಮಗೇನಾಗೈತ್ರಿ?" ಎಂದರು. ಅದನ್ನೂ ನಿಯಮದ ಪ್ರಕಾರ ಹಿಂದಿಗೆ ಇಳಿಸಿದೆ. ಪಾದ್ರಿಗಳು ಗಟ್ಟಿಯಾಗಿ ನಕ್ಕರು.

ಆಮೇಲೆ ಅವರು ಸಾವಕಾಶವಾಗಿ ಹೇಳಿದರು: "ನೀವು ಬೆಡ್‌ಪ್ಯಾನ್ ತೊಳೆದದ್ದು ನಾನು ಚರ್ಚಿನಲ್ಲಿ ಉಪದೇಶ ಮಾಡುವುದಕ್ಕಿಂತ ಒಂದು ಕೂದಲಿನಷ್ಟೂ ಕಡಿಮೆಯ ಸೇವೆಯಲ್ಲ. ರೋಗಿಯ ಹಣೆಯ ಮೇಲೆ ನಿಮ್ಮ ಕೈ ಇತ್ತಲ್ಲ, ದೇವರು ತನ್ನ ಕೈಯಾಗಿ ಕಳಿಸಿದ್ದು ಅದನ್ನೇ."

ಈ ಸಲ ಸರಿಯಾಗಿಯೇ ಹೇಳಿದೆ. ಅಮ್ಮನವರು ತಮ್ಮ ಕೈಯನ್ನು ನೋಡಿಕೊಂಡರು. ಮಗಳು ಚಹಾ ಮಾಡಲು ಒಳಗೆ ಹೋಗುವವರೆಗೆ ಕಾದು, ಬಾಯಿ ಬಿಟ್ಟರು.

ಹೆಂಗಸರ ವಾರ್ಡು. ಮಧ್ಯಾಹ್ನ ಎರಡು ಗಂಟೆಗೆ ಪ್ರತಿ ಹಾಸಿಗೆಯ ಜ್ವರ, ನಾಡಿ, ಬಿಪಿ ನೋಡಿ, ಕಾಲ ಬಳಿ ತೂಗುಹಾಕಿದ ಚಾರ್ಟಿನಲ್ಲಿ ಬರೆಯಬೇಕು. ಅವತ್ತು ಇಬ್ಬರು ನರ್ಸ್ ಬಂದಿರಲಿಲ್ಲ. ಇಪ್ಪತ್ತು ಹಾಸಿಗೆಗೆ ಇವರೊಬ್ಬರೇ. ಹನ್ನೊಂದನೇ ಹಾಸಿಗೆಯವರೆಗೆ ನೋಡಿದರು. ಹನ್ನೆರಡನೇ ಬೆಡ್ಡಿನ ಹೆಂಗಸು ಮಲಗಿದ್ದಳು. ಎಬ್ಬಿಸುವುದೇಕೆಂದು, ಬೆಳಗಿನ ಅಂಕಿಗಳನ್ನೇ ಅಷ್ಟಿಷ್ಟು ಬದಲಿಸಿ ಬರೆದರು. ಮೂರು ಗಂಟೆಗೆ ಅವಳು ಹೋಗಿಬಿಟ್ಟಳು.

"ಡಾಕ್ಟರ್ ಬಂದು ಚಾರ್ಟ್ ನೋಡಿ, 'ಎರಡಕ್ಕ ಚೊಲೋ ಇದ್ಲಲ್ಲ' ಅಂದ್ರು. ನಾ ಹೂಂ ಅಂದೆ. ನಲವತ್ತು ವರ್ಷಾತು. ಯಾರಿಗೂ ಗೊತ್ತಿಲ್ಲ. ನನ್ನ ಕೈ ದೇವರ ಕೈ ಅಂತೀರಿ. ಆ ಕೈಯಾಗ ಸುಳ್ಳು ಬರದೇನಿ."

ಇದನ್ನು ನಾನು ಹಿಂದಿಯಲ್ಲಿ ಹೇಳಬೇಕಿತ್ತು. ಚೀಟಿಯ ನಿಯಮದಂತೆ 'ನಾನು' ಎಂದೇ. ನಾನು ನೋಡಲಿಲ್ಲ. ನಾನು ಬರೆದೆ. ನಾನು ಹೂಂ ಅಂದೆ. ಹೇಳುತ್ತ ಹೇಳುತ್ತ ನನ್ನದೇ ಬೇರೆ ಬೇರೆ ಚಾರ್ಟುಗಳು ನೆನಪಾದವು. ಅದು ಇಲ್ಲಿಗೆ ಬೇಡ. (ಈ ಸಂಗತಿಯನ್ನು ಅಮ್ಮನವರು ಕೆಲವು ದಿನಗಳಲ್ಲಿ ಮಗಳಿಗೂ ಹೇಳಿದರು. ಬರೆಯಲು ಮಗಳ ಒಪ್ಪಿಗೆ ಇದೆ. ಮೂರು ಸಲ ಕೇಳಿದ್ದೇನೆ.)

ಪಾದ್ರಿಗಳು 'ಪರವಾಗಿಲ್ಲ' ಎನ್ನಲಿಲ್ಲ. ಅದು ನನಗೆ ಹಿಡಿಸಿತು. "ಇದು ತಪ್ಪೇ," ಎಂದರು. "ಇದನ್ನು ಹೊತ್ತುಕೊಂಡೇ ಬನ್ನಿ ಅಂತ ದೇವರು ಕರೆಯುತ್ತಿರುವುದು. ಸರ್ ಆ ಮಾತನ್ನು ಕನ್ನಡದಲ್ಲಿ ಸಿದ್ಧಮಾಡಿಕೊಳ್ಳಲಿ, ಮುಂದಿನ ವಾರ ನಿಮ್ಮ ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತು ಹೇಳುತ್ತೇನೆ."

ಆ ವಾರವೆಲ್ಲ ನಾನು ಕ್ಷಮೆಯ ಮಾತಿನ ಕರಡು ತಿದ್ದಿದೆ. ಯಾವ ಆಕ್ಷೇಪಣೆಗೂ ಸಿಗದ ವಾಕ್ಯವಾಗಬೇಕಿತ್ತು. ನಾಲ್ಕನೇ ಭಾನುವಾರ ಪಾದ್ರಿಗಳ ಕೈ ಅವರ ತಲೆಯ ಮೇಲಿರುವಾಗ, "ನಿಮ್ಮ ಪಾಪಗಳು ಕ್ಷಮಿಸಲ್ಪಟ್ಟಿವೆ," ಎಂದೆ.

ಅಮ್ಮನವರು ಕಣ್ಣು ತೆರೆದು, "ಆಫೀಸ್‌ನಾಗಿನ ನೋಟೀಸ್ ಓದಿದಂಗಾತಲ್ರಿ," ಎಂದರು.

ಪಾದ್ರಿಗಳು ರೊಟ್ಟಿ ಎತ್ತಿ ಹಿಡಿದು 'ತುಮ್ಹಾರೇ ಲಿಯೇ' ಎಂದರು. ನಾನು, "ಇದು ನಿಮಗೋಸ್ಕರ," ಎಂದೆ.

"ನಿಮಗ ಅಂದ್ರ ಎಲ್ಲಾರಿಗೂ ಹೌದಲ್ರಿ? ಅದು ನನಗ ಗೊತ್ತೈತಿ, ಸಣ್ಣಾಕಿದ್ದಾಗಿಂದ ಕೇಳೇನಿ. ಎಲ್ಲಾರಿಗೂ ಐತಿ. ಆ ಎಲ್ಲಾರೊಳಗ ನಾ ಇಲ್ಲ." ತುಟಿ ಮುಚ್ಚಿದವು. ರೊಟ್ಟಿ ಡಬ್ಬಿಗೆ ಹೋಯಿತು. ಅವರ ಉಸಿರು ಆ ದಿನ ಮೊದಲಿಗಿಂತ ಮೇಲೆ ಮೇಲೆ ಇತ್ತು. ಮುಂದಿನ ಭಾನುವಾರ ಇದೆಯೋ ಇಲ್ಲವೋ ಎಂದು ಮೂವರಿಗೂ ಅನ್ನಿಸಿತು.

ನಾನು ಅಲ್ಲೇ ಕೂತಿದ್ದೆ. ಮೇಡಂ ಕಣ್ಣೊರೆಸಿಕೊಂಡು ರವೆ ಗಂಜಿ ತಂದರು. "ಅವ್ವಾ, ಬಾಯಿ ತೆಗಿ. ಇದು ನಿಂದು. ನೀ ತಿನ್ನು."

ಬಾಯಿ ತೆರೆಯಿತು.

ಇನ್ನೊಂದು ಚಮಚ. "ನಿಂದ ಇದು, ತಿನ್ನು." ಮತ್ತೆ ತೆರೆಯಿತು. ಹಿಂದಿನ ಕ್ಷಣದಲ್ಲಿ ಬೀಗ ಹಾಕಿದ್ದ ಅದೇ ಬಾಯಿ! ನಾನು ನಾಲ್ಕು ವಾರದಿಂದ ಮರ್ಯಾದೆಯ ಬಹುವಚನ ಹಾಕುತ್ತ ಬಂದಿದ್ದೆ. ಎಂಬತ್ತು ದಾಟಿದ ಹಿರಿಯರಿಗೆ ಬೇರೇನು ಹಾಕಲಿ? ಆದರೆ ಆ ಮರ್ಯಾದೆಯೊಳಗೆ ಒಂದು ಸಂದು ಇತ್ತು. 'ನೀವು' ಎಂದರೆ ಒಬ್ಬರೂ ಹೌದು, ಊರೆಲ್ಲ ಹೌದು. ಆ ಸಂದಿನಿಂದ ಅವರು ಪ್ರತಿ ಸಲವೂ ನುಸುಳಿ ಹೊರಗೆ ಹೋಗುತ್ತಿದ್ದರು. ಬಾಗಿಲು ತೆರೆದಿಟ್ಟವನು ನಾನು.

ಕೆಳಗೆ ಸ್ಕೂಟರಿನ ಹತ್ತಿರ ಪಾದ್ರಿಗಳಿಗೆ ಈ ವ್ಯಾಕರಣ ವಿವರಿಸಿದೆ. "ಏಕವಚನದಲ್ಲಿ ಹೇಳಲೇ? ಅಗೌರವ ಆಗಬಹುದು. ನಮ್ಮಲ್ಲಿ ಜಗಳ ಜೋರಾದಾಗ 'ಏಕವಚನಕ್ಕೆ ಇಳಿದರು' ಅಂತೀವಿ."

"ಜಗಳ ಬಿಟ್ಟರೆ ಮತ್ತೆ ಯಾರಿಗೆ ಹಾಗಂತೀರಿ?"

"ತಾಯಿಗೆ. ಮಕ್ಕಳಿಗೆ. ದೇವರಿಗೆ."

ಪಾದ್ರಿಗಳು ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟರು. "ಉಪದೇಶ ಎಲ್ಲರಿಗೂ ಸರ್. ರೊಟ್ಟಿ ಹೋಗುವುದು ಒಂದು ಬಾಯಿಗೆ. ನಮ್ಮ ನಂಬಿಕೆಯೆಲ್ಲ ನಿಂತಿರುವುದು 'ನಿನಗೆ' ಅನ್ನುವ ಆ ಒಂದು ಮಾತಿನ ಮೇಲೆ. ನಿಮ್ಮ ಭಾಷೆಯಲ್ಲಿ ಅದಕ್ಕೇ ಒಂದು ಪದ ಇರುವಾಗ ನಾಲ್ಕು ವಾರ ಬಚ್ಚಿಟ್ಟಿದ್ದಿರಾ?"

ಇಳಿಯುವುದೆಂದು ನಿರ್ಧರಿಸಿದೆ. ನಿರ್ಧರಿಸಿದ ಮೇಲೆ ಎಂದಿನಂತೆ ಇನ್ನಷ್ಟು ಚಿಂತೆ ಶುರುವಾಯಿತು. ಪಾಪ, ಬೇಸರ ಮಾಡಿಕೊಂಡರೆ? ಸಿಟ್ಟಿಗೆ ಬಿಪಿ ಏರಿದರೆ? ಕನ್ನಡಿಯ ಮುಂದೆ 'ನಿನಗೆ, ನಿನಗೆ' ಎಂದು ಅಭ್ಯಾಸ ಮಾಡುವುದನ್ನು ಕೇಳಿ ಹೆಂಡತಿ, "ಯಾರಿಗ್ರೀ ಅದು?" ಎಂದಳು. ಹೇಳಿದೆ. ನಗುತ್ತಾಳೆಂದುಕೊಂಡರೆ ನಗಲಿಲ್ಲ. "ಅವರ ಊರ ಕಡೆ 'ಗೋಸ್ಕರ' ಅನ್ನಲ್ಲ. 'ನಿನ್ನ ಸಲುವಾಗಿ' ಅಂತಾರೆ. ಹಾಗನ್ನಿ," ಎಂದಳು. ಇಷ್ಟು ವರ್ಷ ಸರ್ಕಾರ ನನ್ನ ಬದಲು ಅವಳಿಗೆ ಕೆಲಸ ಕೊಡಬಹುದಿತ್ತು.

ಐದನೇ ಭಾನುವಾರ ಬಂತು, ಅಮ್ಮನವರೂ ಇದ್ದರು. ದಿಂಬಿಗೆ ಒರಗಿಸಿ ಕೂರಿಸಿದ್ದರು. ಮೇಡಂ ಹಾಸಿಗೆಯ ಕಾಲ ಬಳಿ ನಿಂತಿದ್ದರು. ಪಾದ್ರಿಗಳು 'ಅನಂತ ಜೀವನ್' ಎಂದದ್ದನ್ನು ನಾನು ಕನ್ನಡದ ಕ್ರೈಸ್ತರ ಮಾತಿನಂತೆ 'ನಿತ್ಯಜೀವ' ಎಂದೆ.

"ನಿತ್ಯದ್ದಾ? ಅಲ್ಲೂ ಡ್ಯೂಟಿ ಐತೇನ್ರಿ?"

"ಇಲ್ಲಮ್ಮ," ಎಂದರು ಪಾದ್ರಿಗಳು ನನ್ನ ಮೂಲಕ. "ಡ್ಯೂಟಿ ಎಲ್ಲ ಈ ಕಡೆಗೇ. ಆದರೆ ಆ ಜೀವ ಸತ್ತ ಮೇಲೆ ಶುರುವಾಗುವುದಲ್ಲ. ನಿಮ್ಮ ದೀಕ್ಷಾಸ್ನಾನದ ದಿನವೇ ಶುರುವಾಗಿದೆ. ನೀವು ಬಸ್ಸು ಹಿಡಿದು ವಾರ್ಡಿಗೆ ಓಡುತ್ತಿದ್ದಾಗಲೂ ನಡೆದೇ ಇತ್ತು."

ಪಾದ್ರಿಗಳು ಮತ್ತೆ ತಲೆಯ ಮೇಲೆ ಕೈಯಿಟ್ಟರು. ಕರಡು ಜೇಬಿನಲ್ಲಿತ್ತು; ತೆಗೆಯಲಿಲ್ಲ. ಮೋಡಾ ಇನ್ನಷ್ಟು ಹತ್ತಿರ ಎಳೆದುಕೊಂಡು ಎಡಗಿವಿಗೆ ಬಾಗಿದೆ.

"ಅವ್ವಾ, ದೇವರು ನಿನ್ನ ತಪ್ಪು ಕ್ಷಮಿಸ್ಯಾನ. ನಿನ್ನದು. ಆ ಚಾರ್ಟಿಂದು."

ಕಣ್ಣು ತೆರೆದು ನನ್ನನ್ನು ಹುಡುಕಿದರು. "ಏನಂದಿ?"

ಬೈಯುತ್ತಾರೆಂದುಕೊಂಡೆ. ಆದರೆ ಅದು ಬೈಗುಳದ 'ಏನಂದಿ' ಆಗಿರಲಿಲ್ಲ. ಸರಿಯಾಗಿ ಕೇಳಿತೋ ಇಲ್ಲವೋ ಎಂದು ಇನ್ನೊಮ್ಮೆ ಕೇಳಬಯಸುವವರ ದನಿ. ಇನ್ನೊಮ್ಮೆ ಹೇಳಿದೆ. ನುಂಗಲು ಕಷ್ಟವೆಂದು ಪಾದ್ರಿಗಳು ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ ಚಮಚದಲ್ಲಿ ಹಿಡಿದಿದ್ದರು.

"ಇದು ನಿನ್ನ ಸಲುವಾಗಿ," ಎಂದೆ. "ಎಲ್ಲಾರದ್ದು ಬಿಡು. ನಿನಗ."

ಅವರು ಬಾಯಿ ತೆರೆದರು.

ನುಂಗಲು ಬಹಳ ಹೊತ್ತು ಹಿಡಿಯಿತು. ಮೇಡಂ ತಾಯಿಯ ಗದ್ದ ಹಿಡಿದುಕೊಂಡರು. ನಾವು ಮೂವರೂ ಆ ಗಂಟಲನ್ನೇ ನೋಡುತ್ತಿದ್ದೆವು. ಕೊನೆಗೆ ಅದು ಇಳಿಯಿತು. ಅಮ್ಮನವರು ನನ್ನ ಮೊಣಕೈ ಹಿಡಿದು, "ಆ ಹನ್ನೆರಡನೇ ಬೆಡ್ಡಿನಾಕಿ? ಆಕಿ ಏನಾದ್ಲು? ಅವರನ್ನ ಕೇಳು," ಎಂದರು.

ಕೇಳಿದೆ. ಪಾದ್ರಿಗಳು ಚಮಚವನ್ನು ಬಟ್ಟೆಯಲ್ಲಿ ಸುತ್ತಿಟ್ಟು, "ನನಗೆ ಅಷ್ಟೆಲ್ಲ ಗೊತ್ತಿಲ್ಲ ಅಂತ ಹೇಳಿ. ಇಷ್ಟು ಗೊತ್ತು, ಅವಳು ದೇವರ ಕೈಯಲ್ಲಿದ್ದಾಳೆ. ಆ ಕೈ ಸುಳ್ಳು ಬರೆಯುವುದಿಲ್ಲ," ಎಂದರು.

ಹೇಳಿದೆ. ಅಮ್ಮನವರು ಮನಸ್ಸಿನಲ್ಲೇ ಏನನ್ನೋ ಜೋಡಿಸಿಕೊಳ್ಳುತ್ತಿರುವಂತೆ ಕಂಡಿತು. ಆಮೇಲೆ, "ಹಂಗಾದ್ರ ಹನ್ನೆರಡನೇ ಬೆಡ್ ಹ್ಯಾಂಡ್‌ಓವರ್ ಆತು ಅನ್ನು," ಎಂದರು.

ಪಾಳಿ ಮುಗಿಸುವ ನರ್ಸು ಒಂದೊಂದೇ ಹಾಸಿಗೆಯ ಮುಂದೆ ನಿಂತು, ಇನ್ನು ಇವರು ನಿನ್ನ ಜವಾಬ್ದಾರಿ ಎಂದು ಮುಂದಿನ ಪಾಳಿಯವರಿಗೆ ಒಪ್ಪಿಸಿದ ಮೇಲೇ ಮನೆಗೆ ಹೊರಡಬೇಕು. ಹ್ಯಾಂಡ್‌ಓವರ್ ಎಂದರೆ ಅದು. ಪಾದ್ರಿಗಳು ನನ್ನ ಮುಖ ನೋಡಿದರು. ಹಿಂದಿಯಲ್ಲಿ ಏನು ಹೇಳಲೆಂದು ಹುಡುಕಲು ಹೋಗಲಿಲ್ಲ. ಇದ್ದ ಪದವನ್ನೇ ಹಾಗೇ ದಾಟಿಸಿದೆ.

ಪಾದ್ರಿಗಳು ಹೌದೆಂದು ತಲೆಯಾಡಿಸಿದರು. ಅಮ್ಮನವರು ಅದನ್ನು ನೋಡಿ, ನನ್ನ ಮೊಣಕೈ ಬಿಟ್ಟು, ಕಣ್ಣು ಮುಚ್ಚಿದರು. ಮಗಳು ಹೊದಿಕೆ ಸರಿಮಾಡಿದರು.

ಆಮೇಲೆ ಅಮ್ಮನವರು ಹನ್ನೊಂದು ದಿನ ಇದ್ದರು. ನಡುವೆ ಬಂದ ಭಾನುವಾರ ನನಗೆ ಕರೆ ಬರಲಿಲ್ಲ. ಏನಾಯಿತೋ, ಏನು ತಪ್ಪು ಹೇಳಿದೆನೋ ಎಂದು ಚಡಪಡಿಸಿ ಸಂಜೆ ನಾನೇ ಫೋನ್ ಮಾಡಿದೆ. ಮೇಡಂ ಪಿಸುದನಿಯಲ್ಲಿ ಹೇಳಿದರು: ಪಾದ್ರಿಗಳು ಬಂದಿದ್ದರಂತೆ, ಮಾತ್ಯಾವುದೂ ಬೇಕಾಗಲಿಲ್ಲವಂತೆ. ಡಬ್ಬಿ ಕಂಡ ಕೂಡಲೇ ಮಮ್ಮಿ ತಾನಾಗಿಯೇ ಬಾಯಿ ತೆರೆದಳಂತೆ.